ಬುಡಕ್ಕೆ ಜಾಗ ಬಿಡಿ: ಮನೆಯಲ್ಲೇ ಒಂದು ಕನ್ನಡ ಪುಸ್ತಿಕೆ ಜೋಡಿಸುವ ಬಗೆ

ನಮ್ಮ ದೊಡ್ಡವ್ವ ಹಾಡುತ್ತಿದ್ದ ಬೀಸುವ ಪದಗಳನ್ನು ಕೆಲವು ವರ್ಷಗಳ ಹಿಂದೆ ನಾನೊಂದು ಪುಸ್ತಿಕೆ ಮಾಡಿಸಿದೆ. 16 ಪುಟ, 100 ಪ್ರತಿ. ರಕ್ಷಾಪುಟದ ಮೇಲೆ ಮನೆಯ ಬೀಸುಕಲ್ಲಿನ ಫೋಟೋ, ಅದರ ತಲೆಯ ಮೇಲೆ ದೊಡ್ಡ ಅಕ್ಷರದಲ್ಲಿ ಹೆಸರು. ಗದುಗಿನ ಒಂದು ಪ್ರೆಸ್ಸಿನಿಂದ ಕಟ್ಟು ಮನೆಗೆ ಬಂತು. ಬಿಚ್ಚಿ ಎಲ್ಲರಿಗೂ ಒಂದೊಂದು ಕೊಟ್ಟೆ. ಎಲ್ಲರೂ ಚಂದ ಇದೆ ಅಂದರು. ಕಾಕಾ ಮಾತ್ರ ಕನ್ನಡಕ ಏರಿಸಿ, ಇಳಿಸಿ, ಮತ್ತೆ ಏರಿಸಿ ನೋಡಿದರು. "ಯವ್ವಾ, ಏನಿದು? ಬೀಸುಕಲಿನ ಪದಗಳು?"

ಫೋಟೋದ ಮೇಲಂಚು ಹೆಸರಿನ ಬುಡವನ್ನು ನುಂಗಿಬಿಟ್ಟಿತ್ತು. 'ಕಲ್ಲಿನ' ಅನ್ನುವಲ್ಲಿ ಕೆಳಗಿನ ಲ ಒತ್ತು ಮಾಯ. ಪ್ರೆಸ್ಸಿನವರ ತಪ್ಪಲ್ಲ, ನಾನು ಕೊಟ್ಟ ಫೈಲೇ ಹಾಗಿತ್ತು. ಆ ಭಾನುವಾರ ನಾನು, ಕಾಕಾ ಇಬ್ಬರೂ ಕಟ್ಟೆಯ ಮೇಲೆ ಕೂತು ಕಪ್ಪು ಜೆಲ್ ಪೆನ್ನಿನಿಂದ 100 ರಕ್ಷಾಪುಟಗಳಿಗೆ ಒತ್ತು ಬರೆದೆವು. ಅವರ ಒತ್ತುಗಳು ಗುಂಡಗೆ, ನನ್ನವು ವಕ್ರ.

ಕಾಕಾ 30 ವರ್ಷ ಪ್ರೆಸ್ಸಿನಲ್ಲಿ ಮೊಳೆ, ಅಂದರೆ ಅಚ್ಚಿನ ಬಿಡಿ ಅಕ್ಷರ, ಜೋಡಿಸಿದವರು. ಸೀಸದ ಮೊಳೆ, ಅವನ್ನಿಡುವ ಖಾನೆಗಳ ಮರದ ಕೇಸು, ಕಾಲಿನಿಂದ ತುಳಿಯುವ ಟ್ರೆಡಲ್ ಮಷೀನು, ಆ ಕಾಲದವರು. ನಾನು ಪುಟ ಜೋಡಿಸುವ ಡಿಟಿಪಿ ಕೆಲಸ ಕಲಿತದ್ದು ಕಂಪ್ಯೂಟರ್ ಮುಂದೆ. ಅವತ್ತು ಒತ್ತು ಬರೆಯುತ್ತ ಅವರು ಒಂದು ಮಾತು ಹೇಳಿದರು. "ಇಂಗ್ಲಿಷ್ ಅಕ್ಷರ ನೆಲದ ಮ್ಯಾಲ ಕುಂದ್ರತೈತಿ. ಕನ್ನಡಕ್ಕ ಕೆಳಗ ಹಗೇವು ಐತಿ. ಅದರ ಬಾಯಿ ಮುಚ್ಚಬ್ಯಾಡ."

ಹಗೇವು ಅಂದರೆ ನಮ್ಮ ಕಡೆ ಜೋಳ ತುಂಬಿಡಲು ನೆಲದಡಿ ತೋಡುತ್ತಿದ್ದ ಕಣಜ. ಮೇಲಿನಿಂದ ಕಾಣಿಸುವುದಿಲ್ಲ, ಆದರೆ ವರ್ಷದ ಕಾಳೆಲ್ಲ ಅಲ್ಲೇ. ಇಂಗ್ಲಿಷಿನ ಜಿ, ಪಿ, ವೈ ಅಕ್ಷರಗಳಿಗೂ ಬಾಲ ಕೆಳಗಿಳಿಯುತ್ತದೆ ಅನ್ನಬಹುದು. ಸರಿ. ಆದರೆ ಬಾಲ ಇಳಿಯುವುದೇ ಬೇರೆ, ಸಾಲಿನ ಕೆಳಗೆ ಇನ್ನೊಂದು ಅಕ್ಷರವೇ ಹೋಗಿ ಕೂರುವುದೇ ಬೇರೆ. ನಾವು ಬಳಸುವ ಸಾಫ್ಟ್‌ವೇರುಗಳ ಅಳತೆ, ಅಂತರ, ಟೆಂಪ್ಲೇಟುಗಳು ಬಹುಪಾಲು ಬಾಲಕ್ಕೆ ಸಾಕಾಗುವಷ್ಟು ಲೆಕ್ಕ ಹಾಕಿಟ್ಟಂಥವು. ಹಗೇವಿನ ಲೆಕ್ಕವನ್ನು ನಾವೇ ಹಾಕಬೇಕು.

ಅಜ್ಜಿಯ ಹಾಡು, ಅಪ್ಪನ ಡೈರಿ, ಊರ ಜಾತ್ರೆಯ ಕಥೆ, ಯಾವುದಾದರೂ ಇರಲಿ. ಎ5 ಅಳತೆಯ 16 ಪುಟದ ಪುಸ್ತಿಕೆಯನ್ನು ಮನೆಯಲ್ಲೇ ಜೋಡಿಸಬಹುದು. ನಾನು ಕೆಡಿಸಿ ಕಲಿತದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ಮೊದಲು ಪಠ್ಯ, ಆಮೇಲೆ ಚಂದ

ಪಠ್ಯ ಯುನಿಕೋಡ್‌ನಲ್ಲಿ ಇದೆಯಾ ಅಂತ ಮೊದಲು ನೋಡಿ. ನುಡಿ, ಬರಹ, ಶ್ರೀಲಿಪಿ ಅನ್ನುವ ಕನ್ನಡ ಟೈಪಿಂಗ್ ಸಾಫ್ಟ್‌ವೇರುಗಳ ಹಳೇ ಫೈಲುಗಳು ಮನೆಯಲ್ಲಿ ಇದ್ದರೆ ಅವು ಬಹುಶಃ ಆಸ್ಕಿಯಲ್ಲಿ ಇರುತ್ತವೆ. ಕಂಡುಹಿಡಿಯುವುದು ಸುಲಭ. ಒಂದು ಪದ ಆರಿಸಿ, ಫಾಂಟನ್ನು ನೋಟೋ ಸಾನ್ಸ್ ಕನ್ನಡಕ್ಕೆ ಬದಲಿಸಿ. ಕನ್ನಡವಾಗಿಯೇ ಉಳಿದರೆ ಯುನಿಕೋಡ್. ಇಂಗ್ಲಿಷ್ ಅಕ್ಷರಗಳ ಕಲಸುಮೇಲೋಗರ ಆದರೆ ಆಸ್ಕಿ.

ಆಸ್ಕಿ ಫೈಲಿನಲ್ಲಿ ನಿಜವಾಗಿ ಕನ್ನಡವೇ ಇರುವುದಿಲ್ಲ. ಇಂಗ್ಲಿಷ್ ಅಕ್ಷರ, ಚಿಹ್ನೆಗಳ ಜಾಗದಲ್ಲಿ ಕನ್ನಡದ ಆಕಾರಗಳನ್ನು ಕೂರಿಸಿರುತ್ತಾರೆ. ಒಂಥರಾ ವೇಷ. ಆ ಫಾಂಟ್ ಇಲ್ಲದ ಕಂಪ್ಯೂಟರಿಗೆ ಹೋದರೆ ವೇಷ ಕಳಚಿಬೀಳುತ್ತದೆ. ಹುಡುಕಿದರೆ ಸಿಗುವುದಿಲ್ಲ. ಯುನಿಕೋಡ್‌ನಲ್ಲಿ ಹಾಗಲ್ಲ, ಅಲ್ಲಿ ಇಡುವುದು ಆಕಾರವನ್ನಲ್ಲ, ಅಕ್ಷರವನ್ನು. 'ಕಲ್ಲು' ಅನ್ನುವುದನ್ನೇ ತೆಗೆದುಕೊಳ್ಳಿ. ನಮ್ಮ ಕಣ್ಣಿಗೆ ಎರಡು ಅಕ್ಷರ. ಕಂಪ್ಯೂಟರಿನ ಒಳಗೆ ಐದು: ಕ, ಲ, ಅರ್ಧ ಮಾಡುವ ಹಲಂತದ ಗುರುತು, ಇನ್ನೊಂದು ಲ, ಕೊಂಬು. ಕೆಳಗೆ ಕೂರುವ ಒತ್ತು ಅಂತ ಪ್ರತ್ಯೇಕ ಸಂಕೇತವೇ ಇಲ್ಲ. ಎರಡು ಲ ನಡುವೆ ಹಲಂತ ಬಂತು, ಹಾಗಾಗಿ ಎರಡನೆಯದನ್ನು ಕೆಳಗೆ ಕಳಿಸು ಅಂತ ಫಾಂಟ್ ತೋರಿಸುವಾಗಲೇ ತೀರ್ಮಾನ ಮಾಡುತ್ತದೆ. 'ಸ್ವಾತಂತ್ರ್ಯ' ಮೂರೇ ಅಕ್ಷರ, ಒಳಗೆ 11 ಸಂಕೇತ. ನಾವು ನೋಡುವ ಒತ್ತು ಫೈಲಿನಲ್ಲಿ ಎಲ್ಲೂ ಇಲ್ಲ ಅನ್ನುವುದು ನನಗೆ ಇವತ್ತಿಗೂ ಸೋಜಿಗ. ಕಾಕಾನಿಗೆ ಹೇಳಿದರೆ ನಕ್ಕುಬಿಟ್ಟರು. ಅವರ ಕೇಸಿನಲ್ಲಿ ಲ ಒತ್ತಿಗೆ ಬೇರೆ ಖಾನೆ ಇತ್ತು, ಕೈ ಹಾಕಿದರೆ ಸಿಗುತ್ತಿತ್ತು.

ಹೊಸದಾಗಿ ಟೈಪ್ ಮಾಡುವವರು ಕೆ.ಪಿ. ರಾವ್ ವಿನ್ಯಾಸದ ಕೀಲಿಮಣೆ ಕಲಿಯಿರಿ, ಎರಡು ವಾರ ಸಾಕು. ಒತ್ತು ಬೇಕಾದಲ್ಲಿ ಎಫ್ ಕೀ ಒತ್ತಿದರೆ ಆಯಿತು. ಹಳೇ ಫೈಲು ಇದ್ದರೆ ಕನ್ವರ್ಟರ್‌ನಲ್ಲಿ ಹಾಕಿ ಯುನಿಕೋಡ್ ಮಾಡಿಕೊಳ್ಳಿ, ಆದರೆ ಬಂದದ್ದನ್ನು ಹಾಗೇ ನಂಬಬೇಡಿ. ನಾನು ಮೂರು ಜಾಗ ತಪ್ಪದೆ ನೋಡುತ್ತೇನೆ.

ಅರ್ಕಾವೊತ್ತು ಒಂದು. 'ಸೂರ್ಯ' ಬರೆಯುವಾಗ ಕೈ ಅರ್ಕಾವೊತ್ತನ್ನು ಕೊನೆಗೆ ಹಾಕುತ್ತದೆ, ಯುನಿಕೋಡ್‌ನಲ್ಲಿ ರ ಮೊದಲು ಬರುತ್ತದೆ. ಈ ಹಿಂದುಮುಂದಿನಲ್ಲಿ ಕನ್ವರ್ಟರುಗಳು ಎಡವುವುದುಂಟು. ಎರಡನೆಯದು ಸೊನ್ನೆ. ಅನುಸ್ವಾರ ಬೇರೆ, ಕನ್ನಡದ ಅಂಕಿ ೦ ಬೇರೆ. ಕಣ್ಣಿಗೆ ಎರಡೂ ಒಂದೇ. ಟೈಪ್ ಮಾಡುವವರು ಅನುಸ್ವಾರದ ಬದಲು ಅಂಕಿ ಒತ್ತಿಬಿಡುತ್ತಾರೆ, 'ಗಂಗೆ' ಇದ್ದದ್ದು 'ಗ೦ಗೆ' ಆಗುತ್ತದೆ. ಮುದ್ರಿಸಿದರೆ ಗೊತ್ತೇ ಆಗದು, ಆಮೇಲೆ ಯಾರಾದರೂ ಹುಡುಕಿದರೆ ಗಂಗೆ ಸಿಗುವುದಿಲ್ಲ. ಫೈಂಡ್‌ನಲ್ಲಿ ಅಂಕಿ ೦ ಹಾಕಿ ಹುಡುಕಿ, ಅಕ್ಷರಗಳ ನಡುವೆ ಕೂತ ಸೊನ್ನೆಗಳನ್ನೆಲ್ಲ ಎಬ್ಬಿಸಿ. ಮೂರನೆಯದು ಇಂಗ್ಲಿಷ್ ಪದಗಳು, ಹೆಸರುಗಳು. 'ರಾಜ್ಕುಮಾರ್' ಅಂತ ಒತ್ತು ಬಿದ್ದರೆ ಓದಲು ಮುಜುಗರ, 'ರಾಜ್‌ಕುಮಾರ್' ಆಗಬೇಕು. ಅದಕ್ಕೆ ಜ್ ಆದಮೇಲೆ ಕಣ್ಣಿಗೆ ಕಾಣದ ಒಂದು ಸಂಕೇತ ಬೇಕು, ಝಡ್‌ಡಬ್ಲ್ಯೂಎನ್‌ಜೆ ಅಂತ ಅದರ ಹೆಸರು. 'ರ್ಯಾಂಕ್' ಅಂತ ಅರ್ಕಾವೊತ್ತು ಬಂದರೆ ತಪ್ಪು, 'ರ‍್ಯಾಂಕ್' ಬೇಕು. ಅಲ್ಲಿ ರ ಆದಮೇಲೆ, ಹಲಂತಕ್ಕಿಂತ ಮುಂಚೆ ಝಡ್‌ಡಬ್ಲ್ಯೂಜೆ ಅನ್ನುವ ಇನ್ನೊಂದು ಕಾಣದ ಸಂಕೇತ. ದೊಡ್ಡವ್ವನ ಹಾಡಿನಲ್ಲಿ ರ‍್ಯಾಂಕ್ ಬರಲಿಲ್ಲ ಬಿಡಿ. ಮುನ್ನುಡಿಯಲ್ಲಿ ಅವಳ ಮೊಮ್ಮಗನ ಬಗ್ಗೆ ಬರೆಯುವಾಗ ಬಂತು.

ಫಾಂಟಿಗೆ ಒಂದು ಪರೀಕ್ಷೆ ಇಡಿ

ಫಾಂಟ್ ಆರಿಸುವಾಗ ಎಲ್ಲರೂ ಹೆಸರು ಟೈಪ್ ಮಾಡಿ ನೋಡುತ್ತಾರೆ. ಸುಮ್ನೆ ಮೋಸ ಹೋಗುತ್ತೀರಿ. ದೊಡ್ಡದಾಗಿ ಕಂಡಾಗ ಎಲ್ಲ ಫಾಂಟೂ ಚಂದ. 11 ಪಾಯಿಂಟಿನಲ್ಲಿ, ನಿಮ್ಮ ಮಾಮೂಲಿ ಪ್ರಿಂಟರಿನಲ್ಲಿ, ಮಾಮೂಲಿ ಹಾಳೆಯ ಮೇಲೆ ಇದನ್ನು ತೆಗೆದು ನೋಡಿ:

ದ ಧ ಥ, ರ ಠ, ಪ ಫ ಘ, ಬ ಭ, ಡ ಢ, ಮ ವು.
ಸ್ವಾತಂತ್ರ್ಯ, ರಾಷ್ಟ್ರ, ಲಕ್ಷ್ಮೀ, ಅರ್ಘ್ಯ, ಕೃಷ್ಣ, ವೈದ್ಯ, ಸ್ತ್ರೀ.

ದ ಹೊಟ್ಟೆಯಲ್ಲಿ ಚುಕ್ಕೆ ಇಟ್ಟರೆ ಥ. ಅದರ ಬುಡ ಸೀಳಿದರೆ ಧ. ಶಾಲೆಯಲ್ಲಿ ಅಕ್ಕೋರು 'ಹೊಟ್ಟೆ ಸೀಳಿ' ಅಂತಲೇ ಹೇಳಿಕೊಟ್ಟದ್ದು. ಪ ಬುಡಕ್ಕೆ ಸೀಳು ಬಂದರೆ ಫ, ಬ ಬುಡಕ್ಕೆ ಬಂದರೆ ಭ, ಡ ಬುಡಕ್ಕೆ ಬಂದರೆ ಢ. ನೋಡಿ, ಬರೀ ಒತ್ತು ಅಷ್ಟೇ ಅಲ್ಲ, ನಮ್ಮ ಎಷ್ಟೋ ಮಹಾಪ್ರಾಣಗಳ ಪ್ರಾಣವೂ ಬುಡದಲ್ಲೇ ಇದೆ. ದಪ್ಪ ಫಾಂಟಿನಲ್ಲಿ, ಚಿಕ್ಕ ಅಳತೆಯಲ್ಲಿ ಆ ಸೀಳು ಮಸಿ ತುಂಬಿ ಮುಚ್ಚಿಹೋಗುತ್ತದೆ. ಠ ಚುಕ್ಕೆ ಮುಚ್ಚಿದರೆ ಅದು ರ ಅಲ್ಲ, ಠ ಅಲ್ಲ, ಒಂದು ಗುಂಡಿ ಅಷ್ಟೇ. ಸಾಫ್ಟ್‌ವೇರಿನ ಬೋಲ್ಡ್ ಗುಂಡಿ ಒತ್ತಿದಾಗ ಇದು ಇನ್ನೂ ಜಾಸ್ತಿ. ಆ ಫಾಂಟಿಗೆ ನಿಜವಾದ ದಪ್ಪ ರೂಪ ಇಲ್ಲದಿದ್ದರೆ ಸಾಫ್ಟ್‌ವೇರ್ ಇದ್ದದ್ದಕ್ಕೇ ಸುತ್ತ ಬಣ್ಣ ಬಳಿದು ಉಬ್ಬಿಸುತ್ತದೆ.

ನನ್ನ ರುಚಿ ಹೇಳಿಬಿಡುತ್ತೇನೆ. ಓದುವ ಪಠ್ಯಕ್ಕೆ ನಾನು ಟಿರೋ ಕನ್ನಡ ಬಳಸುತ್ತೇನೆ. ಅದರಲ್ಲಿ ಗೆರೆಯ ದಪ್ಪ ಸಣ್ಣ ಚಂದ ಇದೆ, ಹಳೇ ಅಚ್ಚಿನ ಪುಸ್ತಕದ ಜೀವ ಇದೆ. ದಪ್ಪ ರೂಪ ಇಲ್ಲ, ಬೇಡ ಕೂಡ. ನೋಟೋ ಸೆರಿಫ್ ಕನ್ನಡ ಅದಕ್ಕಿಂತ ಗಟ್ಟಿಮುಟ್ಟು, ಹಲವು ದಪ್ಪಗಳಲ್ಲಿ ಸಿಗುತ್ತದೆ. ಕಳಪೆ ಪ್ರಿಂಟರ್ ಆದರೆ ಅದೇ ವಾಸಿ. ಶೀರ್ಷಿಕೆಗೆ ಬಲೂ ತಮ್ಮ. ಹೆಸರಿಗೆ ತಕ್ಕ ಹಾಗೆ ಮನೆಯ ಚಿಕ್ಕ ಹುಡುಗನ ಥರ ದುಂಡಗೆ ನಗುತ್ತದೆ. ಸಾವಿನ ಸುದ್ದಿಗೆ ಮಾತ್ರ ಅದನ್ನು ಬಳಸಬೇಡಿ, ನಾನು ನೋಡಿದ್ದೇನೆ. ಅನೇಕ್ ಕನ್ನಡದ ಅಗಲವನ್ನು ಬೇಕಾದಂತೆ ಹಿಗ್ಗಿಸಬಹುದು, ಕುಗ್ಗಿಸಬಹುದು. ಉದ್ದ ಹೆಸರನ್ನು ಚಿಕ್ಕ ಜಾಗಕ್ಕೆ ತುರುಕುವಾಗ ಅಕ್ಷರವನ್ನು ಮೌಸಿನಿಂದ ಹಿಂಡುವುದಕ್ಕಿಂತ ಅದು ಎಷ್ಟೋ ಮೇಲು. ಇವೆಲ್ಲ ಮುಕ್ತ ಪರವಾನಗಿಯ ಫಾಂಟುಗಳು, ಗೂಗಲ್ ಫಾಂಟ್ಸ್‌ನಲ್ಲಿ ಸಿಗುತ್ತವೆ, ದುಡ್ಡು ಕೊಡಬೇಕಿಲ್ಲ. ಒಂದು ಪುಸ್ತಿಕೆಗೆ ಎರಡು ಫಾಂಟ್ ಸಾಕು. ಮೂರನೆಯದು ಬೇಕು ಅನ್ನಿಸಿದರೆ ಎದ್ದು ಒಂದು ಚಹಾ ಕುಡಿದು ಬನ್ನಿ.

ವಾಲಿಸಿದ ಅಕ್ಷರ ನಮ್ಮ ಹಳೇ ಅಭ್ಯಾಸವಲ್ಲ. ದೊಡ್ಡಕ್ಷರ ಚಿಕ್ಕಕ್ಷರ ಅನ್ನುವುದೂ ನಮ್ಮಲ್ಲಿಲ್ಲ. ಹಾಗಾದರೆ ಒತ್ತಿ ಹೇಳುವುದು ಹೇಗೆ? ಅಳತೆ ಬದಲಿಸಿ, ಬಣ್ಣ ಬದಲಿಸಿ, ಸುತ್ತ ಖಾಲಿ ಜಾಗ ಬಿಡಿ. ಅಡಿಗೆರೆ ಮಾತ್ರ ಬೇಡವೇ ಬೇಡ. ಅಂಡರ್‌ಲೈನ್ ಅನ್ನುವುದು ಕನ್ನಡದ ಒತ್ತಿನ ಕುತ್ತಿಗೆಯ ಮೇಲೇ ಹಾಯುತ್ತದೆ. 'ಅಪ್ಪ'ನ ಕೆಳಗೆ ಗೆರೆ ಎಳೆದು ನೋಡಿ, ಪ ಒತ್ತನ್ನು ಹೊಡೆದುಹಾಕಿದ ಹಾಗೆ ಕಾಣುತ್ತದೆ.

ಸಾಲಿನ ಅಂತರ

ಇಡೀ ಪುಸ್ತಿಕೆ ನಿಂತಿರುವುದು ಇದರ ಮೇಲೆ. ಹಾಗಾಗಿ ಇಲ್ಲಿ ಸ್ವಲ್ಪ ನಿಧಾನ ಮಾಡುತ್ತೇನೆ.

ಪುಟ ಜೋಡಿಸುವ ಇನ್‌ಡಿಸೈನ್‌ನಂಥ ಸಾಫ್ಟ್‌ವೇರಿನಲ್ಲಿ ಸಾಲಿನ ಅಂತರ ಆಟೋ ಅಂತ ಬಿಟ್ಟರೆ ಅಕ್ಷರದ ಅಳತೆಯ ಶೇಕಡ 120 ಕೊಡುತ್ತದೆ. 10 ಪಾಯಿಂಟಿಗೆ 12. ಇಂಗ್ಲಿಷಿಗೆ ಸರಿ. ಕನ್ನಡಕ್ಕೆ ಅಷ್ಟು ಕೊಟ್ಟರೆ ಮೇಲಿನ ಸಾಲಿನ ಒತ್ತು ಕೆಳಗಿನ ಸಾಲಿನ ಗುಡಿಸಿಗೆ ತಾಗುತ್ತದೆ. ನನ್ನ ಮೊದಲ ಪುಸ್ತಿಕೆಯ ಒಳಪುಟಗಳೂ ಹೀಗೇ ಇದ್ದವು. ಒತ್ತಿಗೂ ಗುಡಿಸಿಗೂ ಜಗಳ, ಓದುವವರ ಕಣ್ಣಿಗೆ ತ್ರಾಸು. ಎಲ್ಲಿ ತಪ್ಪಾಗಿದೆ ಅಂತ ಅವರಿಗೆ ಹೇಳಲು ಬರುವುದಿಲ್ಲ. 'ಯಾಕೋ ಓದಲಿಕ್ಕೆ ಆಗವಲ್ದು' ಅಂತ ಬದಿಗಿಡುತ್ತಾರೆ.

ಕಾಕಾನ ಕಾಲದಲ್ಲಿ ಎರಡು ಸಾಲಿನ ನಡುವೆ ಸೀಸದ ತೆಳು ಪಟ್ಟಿ ಇಡುತ್ತಿದ್ದರು. ಲೆಡ್ ಅಂತಲೇ ಕರೆಯುತ್ತಿದ್ದರು. ಜಾಗ ಬೇಕಾದರೆ ಲೆಡ್ ಹಾಕು, ಬೇಡವಾದರೆ ತೆಗೆ. ಜಾಗ ಅನ್ನುವುದು ಅವರಿಗೆ ಕೈಯಲ್ಲಿ ಹಿಡಿಯುವ ವಸ್ತು, ತೂಕ ಇತ್ತು ಅದಕ್ಕೆ. ನಮಗೆ ಅದೊಂದು ಡಬ್ಬಿಯೊಳಗಿನ ಅಂಕಿ, ಯಾರೋ ಮೊದಲೇ ತುಂಬಿಸಿಟ್ಟದ್ದು. ಮುಟ್ಟದೆ ಮುಂದೆ ಹೋಗುತ್ತೇವೆ.

ಅದಕ್ಕೂ ಹಿಂದೆ ಹೋಗಿ. ಕನ್ನಡದ ಮೊದಲ ಪತ್ರಿಕೆ 'ಮಂಗಳೂರ ಸಮಾಚಾರ', 1843ರಲ್ಲಿ ಹರ್ಮನ್ ಮೊಗ್ಲಿಂಗ್ ಶುರುಮಾಡಿದ್ದು, ಕಲ್ಲಚ್ಚಿನಲ್ಲಿ ಅಚ್ಚಾದದ್ದು. ಕಲ್ಲಚ್ಚು ಅಂದರೆ ಕೈಬರಹವನ್ನು ಕಲ್ಲಿಗೆ ಇಳಿಸಿ ಒತ್ತುವುದು. ಕೈಗೆ ಯಾವ ಚೌಕಟ್ಟೂ ಇಲ್ಲ. ಒತ್ತಿಗೆ ಎಷ್ಟು ಜಾಗ ಬೇಕೋ ಅಷ್ಟು ಕೊಟ್ಟು ಕೈ ಮುಂದೆ ಹೋಗುತ್ತದೆ. ಮೊಳೆಯಲ್ಲಿ ಹಾಗಲ್ಲ, ಪ್ರತಿ ಅಕ್ಷರಕ್ಕೂ ಒಂದು ಲೋಹದ ಪೆಟ್ಟಿಗೆ. ಅದೇ ಪೆಟ್ಟಿಗೆ ಈಗ ಸ್ಕ್ರೀನಿನ ಮೇಲೆ ನೀಲಿ ಗೆರೆಯ ಟೆಕ್ಸ್ಟ್ ಬಾಕ್ಸ್ ಆಗಿದೆ.

ಈಗ ಮಾಡಬೇಕಾದದ್ದು. ನಿಮ್ಮ ಪಠ್ಯದಲ್ಲೇ ಅತಿ ಕಷ್ಟದ ಎರಡು ಸಾಲು ಹುಡುಕಿ. ಮೇಲಿನದರಲ್ಲಿ 'ರಾಷ್ಟ್ರ', 'ಸ್ವಾತಂತ್ರ್ಯ'ದಂಥ ಎರಡಂತಸ್ತಿನ ಒತ್ತು ಇರಬೇಕು. ಕೆಳಗಿನದರಲ್ಲಿ 'ಕೀರ್ತಿ', 'ನೀತಿ'ಯಂಥ ಗುಡಿಸು ದೀರ್ಘ ಇರಬೇಕು. ಅವೆರಡನ್ನೂ ಒಂದರ ಕೆಳಗೊಂದು ಇಟ್ಟು, ಒತ್ತಿನ ಬುಡಕ್ಕೂ ಗುಡಿಸಿನ ತಲೆಗೂ ನಡುವೆ ಬೆಳಕು ಕಾಣುವವರೆಗೆ ಅಂತರ ಹೆಚ್ಚಿಸಿ. ತಾಗದಿದ್ದರೆ ಸಾಲದು, ಬೆಳಕು ಕಾಣಬೇಕು. ನನಗೆ 11 ಪಾಯಿಂಟಿನ ಅಕ್ಷರಕ್ಕೆ 18 ಪಾಯಿಂಟಿನ ಅಂತರ ಹೊಂದಿತು. ಒಂದೂವರೆಯಿಂದ ಒಂದು ಮುಕ್ಕಾಲು ಪಟ್ಟಿನ ನಡುವೆ ನಿಮ್ಮದೂ ಎಲ್ಲೋ ಕೂರುತ್ತದೆ.

ವರ್ಡ್‌ನಲ್ಲಿ ಮಾಡುವವರಿಗೆ ಒಂದು ಮಾತು. ಸಾಲಿನ ಅಂತರದಲ್ಲಿ 'ಎಕ್ಸಾಕ್ಟ್ಲಿ' ಆರಿಸಿ ಕಡಿಮೆ ಅಂಕಿ ಕೊಟ್ಟರೆ ಸ್ಕ್ರೀನಿನಲ್ಲಿ ಅಕ್ಷರಗಳೇ ಕತ್ತರಿಸಿದಂತೆ ಕಾಣುತ್ತವೆ. 'ಅಟ್ ಲೀಸ್ಟ್' ಆರಿಸಿ. ಟೆಕ್ಸ್ಟ್ ಬಾಕ್ಸ್ ಇದ್ದಲ್ಲಿ ಅದರ ಕೆಳಅಂಚನ್ನು ಕೊನೆಯ ಸಾಲಿಗಿಂತ ಧಾರಾಳವಾಗಿ ಕೆಳಗೆ ಎಳೆಯಿರಿ. ಫೋಟೋದ ಹತ್ತಿರ ಹೆಸರು ಬಂದರೆ, ಆ ಹೆಸರಿನಲ್ಲಿ ಒತ್ತು ಇಲ್ಲದಿದ್ದರೂ ಒತ್ತು ಇದೆ ಅಂದುಕೊಂಡೇ ಜಾಗ ಬಿಡಿ. ನಾಳೆ ಹೆಸರು ಬದಲಾಗಬಹುದು.

ಸಾಫ್ಟ್‌ವೇರಿಗೆ ಕನ್ನಡ ಬರುತ್ತದಾ ಅನ್ನುವುದನ್ನೂ ಇಲ್ಲೇ ನೋಡಿಕೊಳ್ಳಿ. 'ಕಲ್ಲು' ಅಂತ ಟೈಪ್ ಮಾಡಿದರೆ 'ಕಲ್‌ಲು' ಅಂತ ಒತ್ತು ಇಳಿಯದೆ ಪಕ್ಕದಲ್ಲೇ ನಿಂತರೆ, ಅಕ್ಷರ ಜೋಡಿಸುವ ಭಾಗ ಕೆಲಸ ಮಾಡುತ್ತಿಲ್ಲ ಅಂತ ಅರ್ಥ. ಇನ್‌ಡಿಸೈನ್ ಆದರೆ ಪ್ಯಾರಾಗ್ರಾಫ್ ಮೆನುವಿನಲ್ಲಿ ವರ್ಲ್ಡ್-ರೆಡಿ ಕಂಪೋಸರ್ ಆರಿಸಿದರೆ ಸರಿಹೋಗುತ್ತದೆ. ದುಡ್ಡು ಹಾಕುವುದು ಬೇಡ ಅನ್ನುವವರಿಗೆ ಲಿಬ್ರೆಆಫೀಸ್ ರೈಟರ್ ಸಾಕು. ನನ್ನ ಎರಡನೇ ಪುಸ್ತಿಕೆ ಅದರಲ್ಲೇ ಆದದ್ದು. ಹಳೇ ಪೇಜ್‌ಮೇಕರ್ ಇನ್ನೂ ಇಟ್ಟುಕೊಂಡವರು ನಮ್ಮ ಕಡೆ ಇದ್ದಾರೆ. ಅದಕ್ಕೆ ಯುನಿಕೋಡ್ ಗೊತ್ತೇ ಇಲ್ಲ, ಅದನ್ನು ನೆನಪಿಗೆ ಇಟ್ಟುಕೊಳ್ಳಿ ಸಾಕು.

ಸಾಲು ಎಲ್ಲಿ ಮುರಿಯಬೇಕು

ಕನ್ನಡದಲ್ಲಿ ಪದಗಳು ಉದ್ದ. 'ಹೋಗಬೇಕಾಗಿದ್ದುದರಿಂದ' ಅನ್ನುವುದು ಒಂದೇ ಪದ. ಎ5 ಪುಟದ ಚಿಕ್ಕ ಅಗಲದಲ್ಲಿ ಎರಡೂ ಅಂಚು ಸಮ ಮಾಡಲು ಹೋದರೆ, ಅಂಥ ಪದ ಕೆಳಗಿನ ಸಾಲಿಗೆ ಹಾರಿ, ಮೇಲಿನ ಸಾಲಿನ ಮೂರು ಪದಗಳ ನಡುವೆ ಎತ್ತಿನ ಗಾಡಿ ಹೋಗುವಷ್ಟು ದಾರಿ ಬೀಳುತ್ತದೆ. ಎಡ ಅಂಚು ಮಾತ್ರ ಸಮ ಇಡಿ, ಬಲಗಡೆ ಹೇಗೆ ಬರುತ್ತದೋ ಬರಲಿ. ಅಕ್ಷರಗಳ ನಡುವೆ ಜಾಗ ಹಿಗ್ಗಿಸುವ ಆಟವೂ ಬೇಡ. ಒತ್ತು ತನ್ನ ಅಕ್ಷರದಿಂದ ದೂರ ಸರಿದು, ಪಕ್ಕದ ಮನೆಯ ಬಾಗಿಲಲ್ಲಿ ನಿಂತಂತೆ ಕಾಣುತ್ತದೆ.

ಹಾಡಿನ ಪುಸ್ತಿಕೆಗೆ ಬೇರೆಯದೇ ಪ್ರಶ್ನೆ. ದೊಡ್ಡವ್ವನ ಪದಗಳು ತ್ರಿಪದಿ, ಮೂರು ಸಾಲು. ಅವಳು ಹಾಡುವಾಗ ಎರಡನೇ ಸಾಲನ್ನು ಮತ್ತೆ ಎತ್ತಿಕೊಂಡು ಮೂರನೆಯದಕ್ಕೆ ಹೋಗುತ್ತಿದ್ದಳು. ಕಿವಿಗೆ ನಾಲ್ಕು ಸಾಲು, ಹಾಳೆಯ ಮೇಲೆ ಮೂರು. ಯಾವುದನ್ನು ಅಚ್ಚು ಹಾಕಬೇಕು? ನಾನು ತುಂಬಾ ದಿನ ತಲೆ ಕೆಡಿಸಿಕೊಂಡೆ. ಬಾದಾಮಿಯಲ್ಲಿ ಕಪ್ಪೆ ಅರಭಟ್ಟನ ಶಾಸನ ಇದೆ, ಸುಮಾರು 700ರ ಕಾಲದ್ದು, ಬಂಡೆಯ ಮೇಲೆ ಕೊರೆದ ತ್ರಿಪದಿ. ನಮಗೆ ಸಿಕ್ಕಿರುವ ಹಳೇ ತ್ರಿಪದಿಗಳಲ್ಲಿ ಅದು ಮುಖ್ಯವಾದದ್ದು. ಒಂದು ರಜೆಯ ದಿನ ಹೋಗಿ ಅದರ ಮುಂದೆ ನಿಂತೆ. ಹಳೇ ಶಾಸನಗಳಲ್ಲಿ ಪದಪದದ ನಡುವೆ ಜಾಗ ಬಿಡುವ ಪದ್ಧತಿ ಇರಲಿಲ್ಲ. ಎಲ್ಲಿ ನಿಲ್ಲಬೇಕು, ಎಲ್ಲಿ ಮತ್ತೆ ಎತ್ತಿಕೊಳ್ಳಬೇಕು ಅನ್ನುವುದು ಓದುವವನ ಬಾಯಿಗೆ ಬಿಟ್ಟದ್ದು. ಆದರೆ ಒತ್ತುಗಳು ಕೆಳಗೆ ಕೂತಿದ್ದವು, ಅವತ್ತೂ.

ಕೊನೆಗೆ ಮೂರೇ ಸಾಲು ಹಾಕಿದೆ. ಮತ್ತೆ ಎತ್ತಿಕೊಳ್ಳುವ ಸಾಲಿನ ಕೊನೆಗೆ ಒಂದು ಚಿಕ್ಕ ಸುಳಿ ಗುರುತು ಇಟ್ಟು, ಮೊದಲ ಪುಟದಲ್ಲಿ ಅದರ ಅರ್ಥ ಹೇಳಿದೆ. ಹಾಡು ಗೊತ್ತಿದ್ದವರಿಗೆ ಆ ಗುರುತು ಬೇಕಿರಲಿಲ್ಲ, ಗೊತ್ತಿಲ್ಲದವರು ಅದನ್ನು ನೋಡಲಿಲ್ಲ. ಇರಲಿ.

ಹಾಳೆಯ ಲೆಕ್ಕ

ಇದು ಬೇಗ ಮುಗಿಯುತ್ತದೆ. ಎ4 ಹಾಳೆ ಮಧ್ಯಕ್ಕೆ ಮಡಚಿದರೆ ಎ5, 148ಕ್ಕೆ 210 ಮಿಲಿಮೀಟರ್. ಒಂದು ಹಾಳೆಗೆ ನಾಲ್ಕು ಪುಟ. ಹಾಗಾಗಿ ಪುಟಗಳ ಸಂಖ್ಯೆ ನಾಲ್ಕರಿಂದ ಭಾಗವಾಗಬೇಕು. 16 ಪುಟಕ್ಕೆ ನಾಲ್ಕು ಹಾಳೆ. ಹೊರಗಿನ ಹಾಳೆಯ ಒಂದು ಬದಿಗೆ 16 ಮತ್ತು 1, ಹಿಂಬದಿಗೆ 2 ಮತ್ತು 15. ಇದನ್ನು ಕೈಯಿಂದ ಜೋಡಿಸಬೇಕಿಲ್ಲ, ಪಿಡಿಎಫ್ ಪ್ರಿಂಟ್ ಮಾಡುವಾಗ 'ಬುಕ್‌ಲೆಟ್' ಆರಿಸಿದರೆ ತಾನೇ ಮಾಡಿಕೊಳ್ಳುತ್ತದೆ. ಆದರೂ ಒಮ್ಮೆ ಖಾಲಿ ಹಾಳೆ ಮಡಚಿ, ಪೆನ್ಸಿಲ್‌ನಿಂದ ಪುಟಸಂಖ್ಯೆ ಬರೆದು, ಬಿಚ್ಚಿ ನೋಡಿ. ಮೇಲೆ, ಎಡ, ಬಲ 18 ಮಿಲಿಮೀಟರ್ ಅಂಚು, ಕೆಳಗೆ 22. 18 ಪಾಯಿಂಟಿನ ಅಂತರದಲ್ಲಿ ಪುಟಕ್ಕೆ 26 ಸಾಲು ಹಿಡಿಯುತ್ತದೆ. ಆರು ತ್ರಿಪದಿ ಕೂರುತ್ತವೆ, ನಾನು ಐದೇ ಹಾಕಿದೆ. ಒಳಗೆ 80 ಜಿಎಸ್‌ಎಂ ಹಾಳೆ ಸಾಕು. ತುಂಬಾ ಬಿಳುಪಿನದು ಬೇಡ, ಸ್ವಲ್ಪ ಕೆನೆ ಬಣ್ಣದ್ದು ಸಿಕ್ಕರೆ ಕಣ್ಣಿಗೆ ಹಿತ. ನಡುವೆ ಎರಡು ಪಿನ್ ಹೊಡೆಯಿರಿ, ಇಲ್ಲವೇ ದಬ್ಬಣದಿಂದ ಮೂರು ತೂತು ಮಾಡಿ ದಾರ ಹಾಕಿ. ಅಂಕಿಗಳನ್ನು 1, 2, 3 ಅಂತ ಹಾಕುತ್ತೀರೋ ೧, ೨, ೩ ಅಂತ ಹಾಕುತ್ತೀರೋ, ಒಂದೇ ಬಗೆ ಇಡಿ.

ಪ್ರೆಸ್ಸಿಗೆ ಒಂದು, ಫೋನಿಗೆ ಇನ್ನೊಂದು

ಪ್ರೆಸ್ಸಿನವರು 'ಕರ್ವ್ ಮಾಡಿ ಕೊಡ್ರಿ' ಅನ್ನುತ್ತಾರೆ. ಅಂದರೆ ಅಕ್ಷರಗಳನ್ನೆಲ್ಲ ಬರೀ ಗೆರೆಗಳ ಚಿತ್ರ ಮಾಡಿ ಕೊಡಿ ಅಂತ. ಅವರ ಕಂಪ್ಯೂಟರಿನಲ್ಲಿ ನಿಮ್ಮ ಫಾಂಟ್ ಇಲ್ಲದಿದ್ದರೂ ಒತ್ತು ಹಾರುವುದಿಲ್ಲ. ಅದು ಸರಿ, ಕೊಡಿ. ಕಪ್ಪು ಅಕ್ಷರ ಕಪ್ಪು ಮಸಿಯಲ್ಲಿ ಮಾತ್ರ ಬರಬೇಕು, ನಾಲ್ಕು ಬಣ್ಣ ಸೇರಿಸಿ ಮಾಡಿದ ಕಪ್ಪಾಗಬಾರದು. ಬಣ್ಣಗಳು ಕೂದಲೆಳೆ ಸರಿದರೂ ಒತ್ತಿನ ಸುತ್ತ ಕೆಂಪು ನೀಲಿ ನೆರಳು ಬೀಳುತ್ತದೆ.

ಆದರೆ ಅದೇ ಫೈಲನ್ನು ನಾನು ವಾಟ್ಸಾಪಿನಲ್ಲಿ ಎಲ್ಲರಿಗೂ ಕಳಿಸಿದ್ದೆ. ನನ್ನ ಗೆಳತಿಯೊಬ್ಬಳಿಗೆ ಕಣ್ಣು ಕಾಣುವುದಿಲ್ಲ, ಫೋನ್ ಓದಿ ಹೇಳಿದ್ದನ್ನು ಕೇಳುತ್ತಾಳೆ. ಅವಳು ಫೋನ್ ಮಾಡಿ, 'ನಿನ್ನ ಪುಸ್ತಕ ಮೂಕ ಐತಲ್ಲೇ' ಅಂದಳು. ಕರ್ವ್ ಆದಮೇಲೆ ಅದರಲ್ಲಿ ಅಕ್ಷರ ಎಲ್ಲಿಂದ ಬರಬೇಕು? 16 ಪುಟ ಚಿತ್ರ, ಅಷ್ಟೇ. ದೊಡ್ಡವ್ವನ ಹಾಡು, ಬಾಯಿಂದ ಕಿವಿಗೆ ಬಂದದ್ದು, ಕಿವಿಗೇ ಸಿಗದ ಹಾಗೆ ಮಾಡಿಟ್ಟಿದ್ದೆ.

ಬೆಳಗಾದರೆ ಬರುವ ಶುಭೋದಯದ ಚಿತ್ರಗಳು, ಕಾರ್ಯಕ್ರಮದ ಆಮಂತ್ರಣಗಳು, ಕವಿತೆಯ ಪೋಸ್ಟರುಗಳು, ಎಲ್ಲದರ ಕಥೆಯೂ ಇದೇ ಅಲ್ವಾ. ನಾವು ದಿನಾ ಇಷ್ಟು ಕನ್ನಡ ಬರೆದು ಹಂಚುತ್ತೇವೆ. ಮರುದಿನ ಹುಡುಕಿದರೆ ಒಂದು ಪದ ಸಿಗದು, ಯಾಕೆಂದರೆ ಅದು ಜೆಪಿಜಿ.

ಈಗ ಮೂರು ಫೈಲು ಮಾಡುತ್ತೇನೆ. ಪ್ರೆಸ್ಸಿಗೆ ಕರ್ವ್ ಮಾಡಿದ್ದು. ಓದುವವರಿಗೆ ಫಾಂಟ್ ಒಳಗೇ ಸೇರಿಸಿದ ಪಿಡಿಎಫ್. ಮತ್ತು ಯಾವ ಅಲಂಕಾರವೂ ಇಲ್ಲದ ಬರೀ ಯುನಿಕೋಡ್ ಪಠ್ಯದ ಫೈಲು. ಗೆಳತಿಗೆ ಕಳಿಸುವುದು ಆ ಮೂರನೆಯದು. ಪಿಡಿಎಫ್‌ನಿಂದ ಕಾಪಿ ಮಾಡಿದ ಕನ್ನಡ ಎಷ್ಟೋ ಸಲ ಚೆಲ್ಲಾಪಿಲ್ಲಿ ಆಗಿ ಬರುತ್ತದೆ, ಬರೀ ಪಠ್ಯಕ್ಕೆ ಆ ತೊಂದರೆ ಇಲ್ಲ. ನನ್ನ ಪ್ರಕಾರ ಮೂಲ ಪ್ರತಿ ಅಂದರೆ ಅದೇ. ಉಳಿದೆರಡು ಅದರ ಉಡುಪು.

ತಲೆಕೆಳಗು ಮಾಡಿ ನೋಡಿ

ಸ್ಕ್ರೀನಿನಲ್ಲಿ ಪ್ರೂಫ್ ನೋಡಬೇಡಿ, ಹಾಳೆಯ ಮೇಲೆ ತೆಗೆಯಿರಿ. ಮೊದಲ ಸಲ ಇಬ್ಬರು ಕೂತು ಒಬ್ಬರು ಮೂಲ ಓದಿ, ಇನ್ನೊಬ್ಬರು ಪ್ರೂಫ್ ನೋಡಿ. ಎರಡನೇ ಸಲ ಹಾಳೆಯನ್ನು ತಲೆಕೆಳಗು ಹಿಡಿಯಿರಿ.

ಇದು ಕಾಕಾನಿಂದ ಕಲಿತದ್ದು. ಮೊಳೆ ಜೋಡಿಸುವವರು ಅಕ್ಷರವನ್ನು ನೇರವಾಗಿ ನೋಡುತ್ತಲೇ ಇರಲಿಲ್ಲ. ಮೊಳೆ ಸಾಲಾಗಿ ಕೂರಿಸುವ ಸ್ಟಿಕ್ಕಿನಲ್ಲಿ ಅದು ಕನ್ನಡಿಯ ಬಿಂಬದಂತೆ, ಅದೂ ತಲೆಕೆಳಗಾಗಿ ಇರುತ್ತಿತ್ತು. ಆ ಕಣ್ಣು ಅರ್ಥಕ್ಕೆ ಮೋಸ ಹೋಗುವುದಿಲ್ಲ. ನೇರ ಹಿಡಿದಾಗ ನಾವು ಪದ ಓದುತ್ತೇವೆ, ಗೊತ್ತಿರುವ ಪದವನ್ನು ಮನಸ್ಸೇ ತುಂಬಿಕೊಳ್ಳುತ್ತದೆ. ಬೀಸುಕಲಿನ ಅಂತಿದ್ದರೂ ಬೀಸುಕಲ್ಲಿನ ಅಂತಲೇ ಓದುತ್ತೇವೆ, ನಾನು ಓದಿದ ಹಾಗೆ. ತಲೆಕೆಳಗು ಹಿಡಿದರೆ ಪದ ಹೋಗುತ್ತದೆ, ಆಕಾರ ಮತ್ತು ಜಾಗ ಉಳಿಯುತ್ತದೆ. ಹಗೇವು ಮೇಲೆ ಬರುತ್ತದೆ. ಎಲ್ಲಿ ಒತ್ತು ತಾಗಿದೆ, ಎಲ್ಲಿ ಕತ್ತರಿಸಿದೆ, ಎಲ್ಲಿ ಸೀಳು ಮುಚ್ಚಿದೆ, ಎಲ್ಲ ಕಾಣುತ್ತದೆ.

ಎರಡನೇ ಮುದ್ರಣದ ಪ್ರೂಫನ್ನು ಕಾಕಾನ ಕೈಗೆ ಕೊಟ್ಟೆ. ಹಾಗೇ ತಿರುಗಿಸಿ ಹಿಡಿದು, ಸಾಲಿನ ಮೇಲೆ ಉಗುರು ಎಳೆಯುತ್ತ ಹೋದರು. 11ನೇ ಪುಟದಲ್ಲಿ ಉಗುರು ನಿಂತಿತು.

"ಈ ಸೊನ್ನಿ ದಪ್ಪ ಐತಲ್ಲ, ಯವ್ವಾ."

ಹಾಳೆ ತಿರುಗಿಸಿ ನೋಡಿದೆ. ಎಲ್ಲ ಹುಡುಕಿ ತೆಗೆದಿದ್ದೇನೆ ಅಂದುಕೊಂಡಿದ್ದೆ. ಅನುಸ್ವಾರಗಳ ಸಾಲಿನಲ್ಲಿ ಒಂದು ಅಂಕಿ, ಮಿಕ್ಕವಕ್ಕಿಂತ ಕೂದಲೆಳೆಯಷ್ಟು ದೊಡ್ಡದು, ಸುಮ್ಮನೆ ಕೂತಿತ್ತು.